ಬಣ್ಣ ಸೀರೆಗೆ ಹತ್ತಲಿ, ಉಸಿರಿಗೆ ಬೇಡ

ನವರಾತ್ರಿಯ ದಿನಗಳಲ್ಲಿ ಮುಂಜಾನೆ ಎಂಟರ ಸುಮಾರಿಗೆ ಠಾಣೆಯ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಲೋಕಲ್ ಗಾಡಿಯ ಮಹಿಳೆಯರ ಡಬ್ಬವನ್ನು ಕಂಡವರಿಗೆ ನಾನು ಹೇಳಹೊರಟಿರುವ ಮಾತು ಕೂಡಲೇ ಅರ್ಥವಾದೀತು. ಒಂದು ದಿನ ಡಬ್ಬವೆಲ್ಲ ಹಳದಿ, ಮರುದಿನ ಹಸಿರು, ಅದರ ಮರುದಿನ ಬೂದು. ಬ್ಯಾಂಕಿನ ಅಧಿಕಾರಿಣಿಯೂ ಮೀನು ಮಾರುವ ಬಾಯಿಯೂ ಒಂದೇ ಬಣ್ಣದಲ್ಲಿ. ಈ ಬಣ್ಣಗಳ ಪಟ್ಟಿಯನ್ನು ದೇವೀಪುರಾಣದಲ್ಲಿ ಹುಡುಕಹೊರಟವರು ನಿರಾಶರಾದಾರು. ಈ ಶತಮಾನದ ಮೊದಲ ದಶಕದಲ್ಲಿ ಮರಾಠಿ ದಿನಪತ್ರಿಕೆಯೊಂದು ದಿನಕ್ಕೊಂದು ಬಣ್ಣವನ್ನು ಪ್ರಕಟಿಸಿ, ಆ ಬಣ್ಣ ಉಟ್ಟ ಓದುಗರ ಚಿತ್ರಗಳನ್ನು ಅಚ್ಚು ಹಾಕತೊಡಗಿದ ಮೇಲೆ ಬೆಳೆದು ಬಂದ ರೂಢಿ ಇದು. ಈಗ ಅದು ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಆ ದಿನದ ಬಣ್ಣ ಉಡದೆ ಕಚೇರಿಗೆ ಹೋದವಳು ಮದುವೆಮನೆಗೆ ಕರೆಯದೆ ಹೋದವಳಂತೆ ಮುದುಡಿ ಕೂರುವಳು.

ಎಲ್ಲರ ಕಪಾಟಿನಲ್ಲಿಯೂ ಒಂಬತ್ತು ಬಣ್ಣಗಳಿರುವುದಿಲ್ಲವಷ್ಟೆ. ಕೆಂಪು, ಹಳದಿ, ಹಸಿರು ನಮ್ಮವರಲ್ಲಿ ಇದ್ದೇ ಇರುತ್ತವೆ. ನವಿಲುಹಸಿರು, ಬೂದು ಎಂದರೆ ಪರದಾಟ. ಕುಪ್ಪಸದ ತುಂಡಾದರೆ ದಾದರಿನ ಮ್ಯಾಚಿಂಗ್ ಸೆಂಟರಿನಲ್ಲಿ ಸಿಕ್ಕೀತು. ಒಂದೇ ದಿನಕ್ಕಾಗಿ ಸೀರೆ ಕೊಳ್ಳುವುದು ಹೇಗೆ? ಆದಕಾರಣ ಹಳೆಯ ಬಿಳಿ ಸೀರೆಗೋ ಮಾಸಿದ ಓಢಣಿಗೋ ಮನೆಯಲ್ಲಿಯೇ ಬೇಕಾದ ಬಣ್ಣ ಕಟ್ಟುವ ಉತ್ಸಾಹ ನಮ್ಮ ಸೋದರಿಯರಲ್ಲಿ ಹೆಚ್ಚುತ್ತಿದೆ. ಈ ಉತ್ಸಾಹಕ್ಕೆ ತಣ್ಣೀರೆರೆಯುವುದು ನನ್ನ ಉದ್ದೇಶವಲ್ಲ. ನಾನು ಮೂವತ್ತಾರು ವರ್ಷ ಬಣ್ಣದ ನೀರಿನಲ್ಲಿಯೇ ಕೈ ಅದ್ದಿ ಹೊಟ್ಟೆ ಹೊರೆದವನು. 1974ರಲ್ಲಿ ಗದಗ-ಬೆಟಗೇರಿಯಿಂದ ಬಂದು ಪರೇಲಿನ ಒಂದು ಗಿರಣಿಯ ರಂಗ್ ಖಾತೆಯನ್ನು ಸೇರಿದೆ. 1982ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ತರುವಾಯ ಭಿವಂಡಿಯ ಕಡೆ ಹೋಗಿ ಅಲ್ಲಿಯೂ ಅದೇ ಕಸುಬನ್ನು ಮುಂದುವರಿಸಿದೆ. ಆ ಅನುಭವದ ಬಲದಿಂದ ನಾಲ್ಕು ಮಾತು.

ಎರಡು ವರ್ಷಗಳ ಹಿಂದಿನ ನವರಾತ್ರಿಯಲ್ಲಿ ನಡೆದದ್ದು. ನಮ್ಮ ಸೊಸೆಗೆ ನವಿಲುಹಸಿರು ಬೇಕಾಗಿತ್ತು. ತೀರಿಕೊಂಡ ನನ್ನ ಪತ್ನಿಯ ಪೆಟ್ಟಿಗೆಯಲ್ಲಿ ಒಂದು ಬಿಳಿಯ ಹತ್ತಿ ಸೀರೆಯಿತ್ತು; 1981ರಲ್ಲಿ ಗಿರಣಿಯ ಅಂಗಡಿಯಲ್ಲಿ ನಾನೇ ಕೊಂಡದ್ದು. ಆಕೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ಆಗಸ್ಟ್ ಹದಿನೈದಕ್ಕೆ ತಪ್ಪದೆ ಅದನ್ನೇ ಉಡುತ್ತಿದ್ದಳು. ಮಡಿಕೆಗಳಲ್ಲಿ ಹಳದಿಗಟ್ಟಿತ್ತು. ಸೊಸೆ ಸಂಕೋಚದಿಂದಲೇ ಕೇಳಿದಳು. ನಾನು ಒಂದು ದಿನ ಸುಮ್ಮನಿದ್ದು, ಮರುದಿನ ಒಪ್ಪಿದೆ. ಪೆಟ್ಟಿಗೆಯಲ್ಲಿ ಹಳದಿಗಟ್ಟಿ ಹರಿಯುವುದಕ್ಕಿಂತ ಯಾರಾದರೂ ಉಟ್ಟರೆ ಒಳ್ಳೆಯದೆಂದು ತೋರಿತು.

ಆ ರಾತ್ರಿ ಊಟವಾದ ಮೇಲೆ ಅಡುಗೆಮನೆಗೆ ಹೋಗಿ ನೋಡುತ್ತೇನೆ, ಅನ್ನದ ಪಾತ್ರೆಗಳ ಪಕ್ಕದಲ್ಲಿ ಅಲ್ಯೂಮಿನಿಯಂ ಬೋಗುಣಿ, ಮೇಲೆ ಭರದಿಂದ ತಿರುಗುವ ಫ್ಯಾನು, ಅದರ ಕೆಳಗೆ ಬಣ್ಣದ ಪುಡಿಯ ಪೊಟ್ಟಣವನ್ನು ಕತ್ತರಿಸಲು ಕತ್ತರಿ ಹಿಡಿದ ಸೊಸೆ. ನಾನು ಓಡಿ ಫ್ಯಾನು ಆರಿಸಿದ ರಭಸಕ್ಕೆ ಆಕೆ ಬೆಚ್ಚಿದಳು.

"ಬರೇ ಬಣ್ಣರಿ ಮಾಮಾ, ವಿಷ ಏನಲ್ಲ," ಎಂದಳು.

ಆಕೆಗೆ ಬಾಲ್ಯದಲ್ಲಿ ಉಬ್ಬಸವಿತ್ತು, ನಮ್ಮ ಕಡೆ ದಮ್ಮು ಎನ್ನುತ್ತಾರಲ್ಲ, ಅದೇ. ಮಳೆಗಾಲದಲ್ಲಿ ಈಗಲೂ ಚೀಲದಲ್ಲಿ ಇನ್‌ಹೇಲರ್ ಇಟ್ಟುಕೊಂಡೇ ಹೊರಡುವಳು. ಪೊಟ್ಟಣವನ್ನು ಕೈಯಿಂದ ತೆಗೆದುಕೊಂಡು ಆಕೆಯನ್ನು ಕೂರಿಸಿ ನಾನು ಹೇಳಿದ ಕಥೆಯನ್ನೇ ಇಲ್ಲಿಯೂ ಹೇಳುತ್ತೇನೆ.

ನಮ್ಮ ರಂಗ್ ಖಾತೆಯಲ್ಲಿ ಪುಡಿ ತೂಗುವ ಒಂದು ಸಣ್ಣ ಕೋಣೆಯಿತ್ತು. ಅಲ್ಲಿ ಒಬ್ಬ ತರುಣ ಕೆಲಸಕ್ಕಿದ್ದ. ಸಾತಾರಾ ಕಡೆಯ ಹುಡುಗ, ಕುಸ್ತಿಯ ಮೈಕಟ್ಟು. ದಿನವೂ ಡಬ್ಬಿಗಳಿಂದ ಬಣ್ಣದ ಪುಡಿಯನ್ನು ಸೌಟಿನಿಂದ ತೆಗೆದು ತಕ್ಕಡಿಗೆ ಹಾಕುವುದು ಅವನ ಕೆಲಸ. ಎರಡನೆಯ ವರ್ಷಕ್ಕೆ ಅವನಿಗೆ ಸಂಜೆಯ ಹೊತ್ತು ಕೆಮ್ಮು, ರಾತ್ರಿ ಎದೆಬಿಗಿತ ಆರಂಭವಾದವು. ರಜೆಯ ಮೇಲೆ ಊರಿಗೆ ಹೋದರೆ ಮಾಯ, ಬಂದು ಎರಡು ದಿನಕ್ಕೆ ಮತ್ತೆ ಹಾಜರು. ಮುಂಬಯಿಯ ಹವೆ ಒಗ್ಗಲಿಲ್ಲವೆಂದೇ ಎಲ್ಲರೂ ಅಂದುಕೊಂಡೆವು. ಕೊನೆಗೊಬ್ಬ ವೈದ್ಯರು "ಏನು ಕೆಲಸ ಮಾಡುತ್ತೀ?" ಎಂದು ಕೇಳಿದ ಮೇಲೆ ನಿಜ ಹೊರಬಿತ್ತು. ಅಷ್ಟರಲ್ಲಿ ಪರಿಸ್ಥಿತಿ ಎಲ್ಲಿಗೆ ಬಂದಿತ್ತೆಂದರೆ, ಆ ಕೋಣೆಯ ಬಾಗಿಲ ಮುಂದೆ ಹಾದುಹೋದರೂ ಅವನಿಗೆ ಉಸಿರು ಕಟ್ಟುತ್ತಿತ್ತು. ಅವನು ಕೆಲಸ ಬಿಟ್ಟು ಹೋದ. ಅವನ ಜಾಗಕ್ಕೆ ಮತ್ತೊಬ್ಬ ಬಂದ. ನಮಗಾರಿಗೂ ಆಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕೆಂಬ ಬುದ್ಧಿಯೂ ಇರಲಿಲ್ಲ.

ಇದರ ಕಾರಣವನ್ನು ತಿಳಿಯಬೇಕಾದರೆ ಈ ಬಣ್ಣ ಬಟ್ಟೆಗೆ ಹೇಗೆ ಅಂಟಿಕೊಳ್ಳುತ್ತದೆಂಬುದನ್ನು ತಿಳಿಯಬೇಕು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣ ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ತಯಾರಿಸಹೋಗಿ, ಆಕಸ್ಮಿಕವಾಗಿ ನೇರಳೆ ಬಣ್ಣವೊಂದನ್ನು ಪಡೆದ. ಕೃತಕ ಬಣ್ಣಗಳ ಕಥೆ ಅಲ್ಲಿಂದ ಆರಂಭ. ಔಷಧಿ ಹುಡುಕಹೋಗಿ ಫ್ಯಾಷನ್ನಿಗೆ ಜನ್ಮ ಕೊಟ್ಟವನು ಆತ! 1884ರಲ್ಲಿ ಬಂದ ಕಾಂಗೋ ಕೆಂಪು, ಹತ್ತಿಗೆ ಬೇರಾವ ಪೂರ್ವಸಿದ್ಧತೆಯೂ ಇಲ್ಲದೆ ನೇರವಾಗಿ ಹತ್ತುವ ಬಣ್ಣಗಳಲ್ಲಿ ಮೊದಲನೆಯದು. ಉಪ್ಪು ಹಾಕಿ ಕುದಿಸಿದರಾಯಿತು ಎಂದು ಹೇಳಿ ಮಾರುವ ಪೊಟ್ಟಣಗಳಲ್ಲಿ ಅನೇಕವು ಈ ಡೈರೆಕ್ಟ್ ಎಂಬ ಜಾತಿಗೆ ಸೇರಿದವು. ಇವು ಸುಲಭ, ಆದರೆ ನಂಟು ಸಡಿಲ. ಪ್ರತಿ ಒಗೆತದಲ್ಲಿಯೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳ ರೀತಿಯೇ ಬೇರೆ. ಸೋಡಾದ ಕ್ಷಾರದಲ್ಲಿ ಇವು ಹತ್ತಿಯ ಎಳೆಯೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಬಣ್ಣ ಎಳೆಯ ಮೇಲೆ ಕೂರುವುದಿಲ್ಲ, ಎಳೆಯ ಅಂಗವೇ ಆಗುತ್ತದೆ. ಕುದಿಸಿ ಒಗೆದರೂ ಹೋಗದು. ಇಂದು ಮನೆಯಲ್ಲಿ ಹತ್ತಿಬಟ್ಟೆಗೆ ಬಣ್ಣ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲವೆಂದೇ ನನ್ನ ಮತ.

ಆದರೆ ಎಳೆಯೊಡನೆ ಬೆಸೆಯುವ ಈ ಗುಣವೇ ಪುಡಿ ಶ್ವಾಸನಾಳಕ್ಕೆ ಇಳಿದಾಗ ಮುಳುವಾಗುತ್ತದೆ. ಅಲ್ಲಿ ಹತ್ತಿಯಿಲ್ಲ, ನಮ್ಮ ದೇಹದ ಪ್ರೋಟೀನುಗಳಿವೆ. ಬಣ್ಣ ಅವುಗಳೊಡನೆಯೇ ಬೆಸೆಯುತ್ತದೆ. ಹೀಗೆ ಬೆಸೆದ ಪ್ರೋಟೀನನ್ನು ದೇಹ ಪರಕೀಯವೆಂದು ಗುರುತಿಸಿ, ಅದರ ವಿರುದ್ಧ ಸಜ್ಜಾಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಮಾತ್ರ ಮುಂದೆ ಒಂದು ಚಿಟಿಕೆ ಧೂಳೂ ಸಾಕು, ಉಬ್ಬಸ ಮೇಲೇಳುತ್ತದೆ. ನೀರಿನಲ್ಲಿ ಕರಗಿದ ಮೇಲೆ ಈ ಭಯ ಬಹುಮಟ್ಟಿಗೆ ಇಲ್ಲ. ಒಗೆದು ಒಣಗಿಸಿದ ಬಟ್ಟೆಯಿಂದಂತೂ ಇಲ್ಲವೇ ಇಲ್ಲ. ಅಪಾಯವೆಲ್ಲ ಪೊಟ್ಟಣ ಬಿಚ್ಚಿ ನೀರಿಗೆ ಹಾಕುವ ಆ ಎರಡು ನಿಮಿಷಗಳಲ್ಲಿದೆ. ಆದ್ದರಿಂದ ಫ್ಯಾನು ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿ, ಮೂಗು-ಬಾಯಿಗೆ ಬಿಗಿಯಾಗಿ ಕೂರುವ ಮಾಸ್ಕ್ ಕಟ್ಟಿ (ಕೋವಿಡ್ ಕಾಲದ ಎನ್-95 ಮನೆಯಲ್ಲಿ ಉಳಿದಿದ್ದರೆ ಅದೇ ಸರಿ), ಒದ್ದೆ ಪತ್ರಿಕೆಯ ಹಾಳೆಯ ಮೇಲೆ ಪೊಟ್ಟಣವನ್ನು ಬಿಚ್ಚಬೇಕು. ಹಾರಿದ ಪುಡಿ ಒದ್ದೆ ಹಾಳೆಗೆ ಅಂಟುತ್ತದೆ. ಉಬ್ಬಸವಿರುವವರು ಈ ಕೆಲಸವನ್ನು ಇನ್ನೊಬ್ಬರಿಗೆ ಬಿಡುವುದೇ ಮೇಲು. ಗರ್ಭಿಣಿಯರಿಗೂ ಇದೇ ಮಾತು. ನಮ್ಮ ಮನೆಯಲ್ಲಿ ಆ ರಾತ್ರಿ ಪೊಟ್ಟಣ ಬಿಚ್ಚಿದವನು ನಾನು. ಸೊಸೆ ಹಾಲ್‌ನಲ್ಲಿ ಕುಳಿತು ಅಲ್ಲಿಂದಲೇ ನಿರ್ದೇಶನ ನೀಡುತ್ತಿದ್ದಳು.

ಇನ್ನು ವಿಧಾನಕ್ಕೆ ಬರೋಣ. ಮೊದಲು ಬಟ್ಟೆ ಯಾವುದೆಂದು ಗೊತ್ತಿರಬೇಕು. ಅಂಗಡಿಯವನ ಮಾತು ನಂಬಬೇಡಿ. ಅಂಚಿನಿಂದ ಒಂದು ಎಳೆ ತೆಗೆದು ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮೃದುವಾದ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರಿಗೆ ಹಚ್ಚುವ ಡಿಸ್ಪರ್ಸ್ ಬಣ್ಣಗಳಿಗೆ ನೂರು ಡಿಗ್ರಿಗೂ ಮೀರಿದ ಶಾಖ ಬೇಕು, ಇಲ್ಲವೇ ಕಟುವಾಸನೆಯ ಸಹಾಯಕ ದ್ರವ್ಯಗಳು ಬೇಕು. ಅದು ಮನೆಯ ಕೆಲಸವಲ್ಲ. ಈ ಜಾತಿಯ ಕೆಲವು ನೀಲಿ ಬಣ್ಣಗಳು ಸರಿಯಾಗಿ ಹಿಡಿಯದಿದ್ದಾಗ ಕಂಕುಳು, ಕುತ್ತಿಗೆ, ತೊಡೆಗಳಲ್ಲಿ ತುರಿಕೆಯ ಗುಳ್ಳೆಗಳನ್ನು ಎಬ್ಬಿಸುವುದಕ್ಕೆ ಚರ್ಮವೈದ್ಯರಲ್ಲಿ ಹೆಸರಾದವು. ಕಡುಬಣ್ಣದ ಹೊಸ ಉಡುಪನ್ನು ಒಮ್ಮೆ ಒಗೆಯದೆ ತೊಡಬಾರದೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಹತ್ತಿಯ ಸೀರೆಯೆಂದು ಖಚಿತವಾದ ಮೇಲೆ ಗಂಜಿಯೆಲ್ಲ ಹೋಗುವಂತೆ ಸಾಬೂನಿನ ಬಿಸಿನೀರಿನಲ್ಲಿ ಒಗೆಯಬೇಕು. ಒಂದು ಹನಿ ನೀರು ಬಿಟ್ಟರೆ ಕೂಡಲೇ ಹೀರಬೇಕು. ಹನಿ ಮೇಲೆಯೇ ನಿಂತರೆ ಬಣ್ಣವೂ ಹಾಗೆಯೇ ನಿಲ್ಲುತ್ತದೆ, ಕಲೆ ಕಲೆಯಾಗುತ್ತದೆ. ಅರ್ಧ ಕಿಲೋ ತೂಕದ ಸೀರೆಗೆ ನಡುಮಟ್ಟದ ಬಣ್ಣಕ್ಕೆ 10 ಗ್ರಾಂ ಪುಡಿ, 10 ಲೀಟರ್ ನೀರು, ಅರ್ಧ ಕಿಲೋ ಉಪ್ಪು, 150ರಿಂದ 200 ಗ್ರಾಂ ಒಗೆಯುವ ಸೋಡಾ. ಅಡುಗೆ ಸೋಡಾ ಬೇರೆ, ಒಗೆಯುವ ಸೋಡಾ ಬೇರೆ. ಮೊದಲನೆಯದರ ಕ್ಷಾರ ಇಲ್ಲಿ ಸಾಲದು. ಪುಡಿಯನ್ನು ಮೊದಲು ಒಂದು ಲೋಟ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ನೀರಿಗೆ ಸೇರಿಸಿ. ಒದ್ದೆ ಸೀರೆಯನ್ನು ಇಳಿಬಿಟ್ಟು, ಉಪ್ಪನ್ನು ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಿ, ಅರ್ಧ ಗಂಟೆ ಕೋಲಿನಿಂದ ಆಡಿಸುತ್ತಿರಿ. ಉಪ್ಪು ಬಣ್ಣವನ್ನು ನೀರಿನಿಂದ ಎಳೆಯತ್ತ ದೂಡುತ್ತದೆ. ಬೆಸೆಯುವ ಕೆಲಸ ಸೋಡಾದ್ದು. ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ, ಸೀರೆಯನ್ನು ಪಕ್ಕಕ್ಕೆ ಎತ್ತಿ ಹಿಡಿದು, ಎರಡು ಸಲ ಹಾಕಿ ಮತ್ತೆ ಒಂದು ಗಂಟೆ. ಆಡಿಸುವುದಕ್ಕೆ ಬೇಸರಪಟ್ಟವರ ಸೀರೆ ಮೋಡದಂತಾಗುತ್ತದೆ. ಕೋಲ್ಡ್ ಬ್ರ್ಯಾಂಡ್ ಎಂಬ ಜಾತಿಗೆ ಮುಂಬಯಿಯ ನಲ್ಲಿಯ ನೀರಿನ ಶಾಖವೇ ಸಾಕು, ದೆಹಲಿಯ ಚಳಿಗಾಲದಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ನವಿಲುಹಸಿರಿಗೆ ಬೇಕಾದ ಟರ್ಕಾಯ್ಸ್ ನೀಲಿ ಮಾತ್ರ ಹಠಮಾರಿ. ತಾಮ್ರವನ್ನು ಒಡಲಲ್ಲಿಟ್ಟುಕೊಂಡ ದೊಡ್ಡ ಅಣು ಅದು. ನೀರು 60 ಡಿಗ್ರಿಗೆ ಮೇಲೆ, ಅಂದರೆ ಕೈ ಇಡಲಾಗದಷ್ಟು ಕಾದಿರದಿದ್ದರೆ ಹಿಡಿಯುವುದಿಲ್ಲ.

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಬಣ್ಣದ ಒಂದು ದೊಡ್ಡ ಪಾಲು ಹತ್ತಿಯೊಡನೆ ಬೆಸೆಯುವ ಬದಲು ನೀರಿನೊಡನೆಯೇ ಬೆಸೆದು ಸತ್ತುಹೋಗಿರುತ್ತದೆ. ಆ ಸತ್ತ ಬಣ್ಣ ಬಟ್ಟೆಯಲ್ಲಿ ಸುಮ್ಮನೆ ಸಿಕ್ಕಿಕೊಂಡಿರುತ್ತದೆ. ಬೆವರಿನೊಡನೆ ಹೊರಬರುವುದು ಅದೇ. ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ, ಸಾಬೂನಿನ ಕುದಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ, ಮತ್ತೆ ಜಾಲಿಸಿ, ನೀರು ತಿಳಿಯಾಗುವವರೆಗೂ ಇದನ್ನೇ ಮಾಡಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳ ನೃತ್ಯವಿತ್ತು. ಉತ್ಸಾಹಿ ತಾಯಂದಿರು ಬಿಳಿಯ ಶಲ್ಯಗಳಿಗೆ ಅರ್ಧ ಅರಿಶಿನ, ಅರ್ಧ ಕುಂಕುಮದ ಬಣ್ಣ ಕಟ್ಟಿದರು. ಕೆಂಪು ಡೈರೆಕ್ಟ್ ಜಾತಿಯದು, ಒಗೆತವೂ ಅವಸರದ್ದು. ರಂಗದ ದೀಪದ ಕಾವಿಗೆ ಮಕ್ಕಳು ಬೆವತರು. ಮೂರನೆಯ ಹಾಡಿನ ಹೊತ್ತಿಗೆ ಕನ್ನಡದ ಬಾವುಟ ಕಿತ್ತಳೆಗೆ ತಿರುಗಿತ್ತು! ಸಭೆ ನಕ್ಕಿತು, ಆದರೆ ಒಬ್ಬ ಪುಟ್ಟ ಹುಡುಗಿಯ ಕುತ್ತಿಗೆಯ ಸುತ್ತ ಎದ್ದ ತುರಿಕೆ ಇಳಿಯಲು ಒಂದು ವಾರ ಹಿಡಿಯಿತು. ಅಂದು ನಾನೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಮೊದಲೇ ವಿಚಾರಿಸಿದ್ದರೆ ಎನಿಸಿತು.

ಬೇಕಾದ ಬಣ್ಣವನ್ನು ಹೊಂದಿಸುವ ಕಲೆಯ ಬಗೆಗೆ ಎಷ್ಟು ಬರೆದರೂ ಸಾಲದು. ಗಿರಣಿಯಲ್ಲಿ ಅದಕ್ಕಾಗಿಯೇ ನಾನು ಸಂಬಳ ಪಡೆದದ್ದು. ಒಂದೆರಡು ಗುಟ್ಟು ಹೇಳುತ್ತೇನೆ. ಒದ್ದೆ ಬಟ್ಟೆ ಯಾವಾಗಲೂ ಕಡುವಾಗಿ ಕಾಣುತ್ತದೆ. ಅದೇ ಬಟ್ಟೆಯ ಒಂದು ಚೂರನ್ನು ಮೊದಲು ಅದ್ದಿ, ಒಗೆದು, ಇಸ್ತ್ರಿಯಿಂದ ಒಣಗಿಸಿ ನೋಡಬೇಕು. ನೋಡುವುದು ಕಿಟಕಿಯ ಹಗಲು ಬೆಳಕಿನಲ್ಲಿ, ಅದೂ ನೇರ ಬಿಸಿಲಲ್ಲಲ್ಲ. ದೀಪದ ಬೆಳಕಿನಲ್ಲಿ ಅವಳಿಜವಳಿಯಂತೆ ಕಂಡ ಸೀರೆ-ಕುಪ್ಪಸಗಳು ಬೀದಿಗೆ ಬಂದೊಡನೆ ಬೇರೆ ಬೇರೆಯಾಗುವುದು ನಿಮಗೂ ಅನುಭವವಿದ್ದೀತು. ಮೊದಲೇ ಬಣ್ಣವಿದ್ದ ಬಟ್ಟೆಯಾದರೆ ಹೊಸದು ಅದರ ಮೇಲೆ ಕೂಡುತ್ತದೆ: ಹಳದಿಯ ಮೇಲೆ ನೀಲಿ ಹಸಿರಾದೀತು, ಹಸಿರಿನ ಮೇಲೆ ಕೆಂಪು ಕಂದಾದೀತು. ಕಡುಬಣ್ಣದಿಂದ ತಿಳಿಬಣ್ಣಕ್ಕೆ ಬರುವ ದಾರಿ ಮಾತ್ರ ಇಲ್ಲ. ಆ ಆಸೆಗೆ ಬಿದ್ದು ಬ್ಲೀಚಿಂಗ್ ಪೌಡರ್ ಬಳಸುವವರಿದ್ದಾರೆ. ಅದು ರೇಷ್ಮೆಯನ್ನು ತಿಂದುಹಾಕುತ್ತದೆ. ಅದಕ್ಕೆ ವಿನೆಗರ್ ಅಥವಾ ಶೌಚಾಲಯ ತೊಳೆಯುವ ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ನಮ್ಮ ಗೂಡಿನಂತಹ ಬಚ್ಚಲುಮನೆಗಳಲ್ಲಿ ಅದು ಆಸ್ಪತ್ರೆಯ ದಾರಿ. ಬಣ್ಣ ಇಳಿಸಲೆಂದು ಹೈಡ್ರೋಸ್ ಪುಡಿಯನ್ನು ಬಿಡಿಯಾಗಿ ಮಾರುವುದನ್ನೂ ಕಂಡಿದ್ದೇನೆ. ತೇವ ತಾಗಿದರೆ ತಾನೇ ಕಾದು ಹೊತ್ತಿಕೊಳ್ಳಬಲ್ಲ ವಸ್ತು ಅದು. ಮನೆಗೆ ತರಬೇಡಿ.

ಕೈಗಳ ವಿಷಯ. ನಾವು ಗಿರಣಿಯಲ್ಲಿ ಕೈಗೆ ಹತ್ತಿದ ಬಣ್ಣವನ್ನು ಬ್ಲೀಚಿಂಗ್ ಪೌಡರಿನಿಂದಲೇ ಉಜ್ಜಿ ಮನೆಗೆ ಹೋಗುತ್ತಿದ್ದೆವು. ಬಣ್ಣದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳಲು ನಾಚಿಕೆ. ಆ ಉಜ್ಜಾಟದಿಂದ ಒಡೆದ ಬೆರಳುಗಳು ಚಳಿಗಾಲದಲ್ಲಿ ನನಗೆ ಈಗಲೂ ಕಾಟ ಕೊಡುತ್ತವೆ. ರಬ್ಬರಿನ ಕೈಚೀಲ ಹಾಕಿಕೊಳ್ಳಿ. ಅದಾಗಿಯೂ ಹತ್ತಿದರೆ ಸಾಬೂನು, ಕೊಬ್ಬರಿ ಎಣ್ಣೆ, ನಾಲ್ಕು ದಿನದ ತಾಳ್ಮೆ. ಚರ್ಮ ತಾನೇ ಬದಲಾಗುತ್ತದೆ. ಪಾತ್ರೆ ಸ್ಟೀಲಿನದಾಗಿರಲಿ, ಸೋಡಾ ಅಲ್ಯೂಮಿನಿಯಮನ್ನು ಕೊರೆಯುತ್ತದೆ. ಬಣ್ಣ ಕಟ್ಟಿದ ಪಾತ್ರೆ, ಸೌಟು ಮತ್ತೆ ಅಡುಗೆಗೆ ಬರಕೂಡದು. ಬಟ್ಟೆಯ ಬಣ್ಣ ಹೊಟ್ಟೆಗೆ ಹೋಗುವುದೆಂದರೇನೆಂದು ನಮ್ಮ ನಾಡಿಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕ ಬಣ್ಣಗಳನ್ನು ನಿಷೇಧಿಸಿದಾಗ ಪತ್ರಿಕೆಗಳಲ್ಲಿ ಕೇಳಿಬಂದ ರೋಡಮಿನ್-ಬಿ ಎಂಬುದು ಮೂಲತಃ ಬಟ್ಟೆಗೆ ಹಾಕುವ ಬಣ್ಣವೇ.

ಕ್ಯಾನ್ಸರಿನ ಮಾತನ್ನೂ ಮುಚ್ಚಿಡಲಾರೆ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಗುರುತಿಸಿದ. ಬೆಂಜಿಡಿನ್ ಮುಂತಾದವು ಅದಕ್ಕೆ ಕಾರಣವೆಂಬುದು ಮುಂದೆ ಸಿದ್ಧವಾಯಿತು. ಮೇಲೆ ಹೇಳಿದ ಕಾಂಗೋ ಕೆಂಪು ಬೆಂಜಿಡಿನ್‌ನಿಂದಲೇ ಆದದ್ದು. 1990ರ ದಶಕದಲ್ಲಿ ಭಾರತ ಸರ್ಕಾರವೂ ಬೆಂಜಿಡಿನ್ ಮೂಲದ ಬಣ್ಣಗಳನ್ನೂ ಇನ್ನೂ ಹಲವು ಅಜೋ ಬಣ್ಣಗಳನ್ನೂ ನಿಷೇಧಿಸಿತು. ವರ್ಷಕ್ಕೊಂದು ಸೀರೆ ಅದ್ದುವವರು ಇದನ್ನೋದಿ ನಿದ್ದೆಗೆಡಬೇಕಾಗಿಲ್ಲ. ಆದರೆ ಹೆಸರಿಲ್ಲದ, ಜಾತಿ ನಮೂದಿಸದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟರೆ ಕೊಳ್ಳದಿರುವುದು ಜಾಣತನ.

ಪ್ರಕೃತಿಯ ಬಣ್ಣವಾದರೆ ಚಿಂತೆಯಿಲ್ಲವಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ಅರಿಶಿನದ ಹಳದಿ ಬಿಸಿಲಿಗೆ ನಿಲ್ಲದು, ಸಾಬೂನು ತಾಗಿದರೆ ಕೆಂಪಾಗುತ್ತದೆ. ಬಣ್ಣ ನಿಲ್ಲಿಸಲೆಂದು ಮೈಲುತುತ್ತ ಬಳಸಿದರೆ ಅದು ತಾನೇ ವಿಷ. ಅನ್ನಭೇದಿ ಹೆಚ್ಚಾದರೆ ಬಟ್ಟೆ ಜೀರ್ಣವಾಗುತ್ತದೆ. ಪಟಿಕವಾದರೆ ನಿರ್ಭಯ. ದಸರೆಯ ಮರುದಿನ ಬಾಗಿಲಿನ ತೋರಣದ ಚೆಂಡುಹೂಗಳನ್ನು ಕಸಕ್ಕೆ ಹಾಕುವ ಬದಲು ಎಸಳು ಬಿಡಿಸಿ ಒಂದು ಗಂಟೆ ಕುದಿಸಿ ಸೋಸಿ ನೋಡಿ. ಮೊದಲು ಅಳಲೆಕಾಯಿಯ ನೀರಿನಲ್ಲಿ, ತರುವಾಯ ಪಟಿಕದ ನೀರಿನಲ್ಲಿ ನೆನೆಸಿಟ್ಟ ಹತ್ತಿಬಟ್ಟೆಗೆ ಅದು ಕೊಡುವ ಹೊಂಬಣ್ಣವನ್ನು ಯಾವ ಪೊಟ್ಟಣವೂ ಕೊಡಲಾರದು. ದಾಳಿಂಬೆಯ ಸಿಪ್ಪೆಯೂ ಹೀಗೆಯೇ.

ಉಳಿದ ನೀರನ್ನು ಬಚ್ಚಲಿನಲ್ಲಿ ಧಾರಾಳ ನೀರಿನೊಡನೆ ಬಿಡಿ, ಗಿಡಗಳಿಗೆ ಹಾಕಬೇಡಿ. ಅದರಲ್ಲಿ ಅರ್ಧ ಕಿಲೋ ಉಪ್ಪಿದೆ. ನಮ್ಮ ಒಂದು ಬೋಗುಣಿ ನೀರಿನಿಂದ ಖಾಡಿ ಕೆಡದು ಎಂಬುದು ಸರಿ. ಆದರೂ 2017ರ ಆಗಸ್ಟ್‌ನಲ್ಲಿ ತಳೋಜಾದ ಕಾಸಾಡಿ ನದಿಯ ಬಳಿ ಬೀದಿನಾಯಿಗಳು ನೀಲಿಯಾಗಿ ತಿರುಗಾಡಿದ್ದನ್ನೂ, 2020ರಲ್ಲಿ ಡೊಂಬಿವಲಿಯ ರಸ್ತೆಯೊಂದು ಗುಲಾಬಿಯಾದದ್ದನ್ನೂ ಕಂಡ ನಮಗೆ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಬಾರದಿರದು. ನಾನು ಮೂವತ್ತಾರು ವರ್ಷ ಎಷ್ಟು ನೀರು ಹರಿಯಬಿಟ್ಟೆನೋ! ತಿರುಪ್ಪೂರಿನ ಬಣ್ಣದ ಘಟಕಗಳನ್ನು ನೊಯ್ಯಲ್ ನದಿಯ ಸಲುವಾಗಿ ಮುಚ್ಚಬೇಕೆಂದು 2011ರಲ್ಲಿ ಮದರಾಸು ಹೈಕೋರ್ಟು ಆಜ್ಞೆ ಮಾಡಿದಾಗ ಆ ಸುದ್ದಿಯನ್ನು ನಾನು ಎರಡು ಸಲ ಓದಿದೆ.

ಆ ರಾತ್ರಿ ಸೀರೆ ತಂತಿಗೆ ಬಂದಾಗ ಎರಡು ಗಂಟೆ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದರೆ, ಬಣ್ಣ ಪತ್ರಿಕೆಯಲ್ಲಿದ್ದುದಕ್ಕಿಂತ ಒಂದು ಗುಂಜಿ ನೀಲಿಯ ಕಡೆಗಿತ್ತು. ಹಳದಿ ಸ್ವಲ್ಪ ಸಾಲದಾಗಿತ್ತು. ಗಿರಣಿಯಲ್ಲಾಗಿದ್ದರೆ ಮಾಸ್ತರರು ಹಿಂದಕ್ಕೆ ಕಳಿಸುತ್ತಿದ್ದರು. ಫಾಲ್ ಹೊಲಿದ ಪಾಲಿಯೆಸ್ಟರ್ ದಾರ ಬಣ್ಣ ಕುಡಿಯದೆ ಬೆಳ್ಳಗೆ ಉಳಿದು, ಅಂಚಿನುದ್ದಕ್ಕೂ ಚುಕ್ಕಿ ಇಟ್ಟಂತೆ ಕಾಣುತ್ತಿತ್ತು. ಆ ಹೊಲಿಗೆ ನನ್ನ ಪತ್ನಿಯ ಕೈಯದು. ಬಿಚ್ಚಿ ಬೇರೆ ದಾರದಲ್ಲಿ ಹೊಲಿಯಲೇ ಎಂದು ಸೊಸೆ ಕೇಳಿದಳು. ಬೇಡವೆಂದೆ.

ಹತ್ತೂವರೆಗೆ ಆಕೆಯ ಫೋನು ಬಂತು. "ಮಾಮಾ, ಡಬ್ಬದಾಗ ಹತ್ತು ಥರದ ನವಿಲುಹಸಿರು ಇದ್ವು. ನಂದು ಯಾವ ಅಂಗಡೀದಂತ ಇಬ್ಬರು ಕೇಳಿದ್ರು."